ನನ್ನ ಉಸುರು ಕೇಳು, ತಮ್ಮಾ

ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯ ನಾಟಕದ ಟೆಂಟಿನಲ್ಲಿ ಕೇಳಿದ ಒಂದು ಮಾತು ಈ ವಾರವಿಡೀ ನನ್ನ ಬೆನ್ನು ಬಿಟ್ಟಿಲ್ಲ. "ತಮ್ಮಾ, ನಿನ್ನ ಮಷಿನ್ ಕೇಳಬ್ಯಾಡ, ನನ್ನ ಉಸುರು ಕೇಳು." ಹೇಳಿದ್ದು ಕಂಪನಿಯವರೆಲ್ಲ ಅಕ್ಕ ಎನ್ನುವ ಹಿರಿಯ ನಟಿ. ಹೇಳಿಸಿಕೊಂಡವನು ಕೀಬೋರ್ಡ್ ನುಡಿಸುವ ಹುಡುಗ. ಪರದೆ ಬಿದ್ದ ಕೂಡಲೇ, ಕಂಪನಿಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸಿದ ಹಳೆಯ ಸಲುಗೆಯಿಂದ ಒಳಗೆ ಹೋಗಿದ್ದೆ, ಹಾಗಾಗಿ ಕಿವಿಗೆ ಬಿತ್ತು.

ಆಗಿದ್ದಿಷ್ಟು. ಅಕ್ಕ ಆ ಹಾಡನ್ನು ಮೊದಲೆಲ್ಲ ಕರಿ ನಾಲ್ಕರಲ್ಲಿ, ಅಂದರೆ ಪೇಟಿಯ ನಾಲ್ಕನೆಯ ಕರಿ ಮನೆಯ ಶ್ರುತಿಯಲ್ಲಿ, ಹಾಡುತ್ತಿದ್ದಳು. ಈಗ ಗಂಟಲು ಬಿಳಿ ಐದಕ್ಕೆ ಇಳಿದಿದೆ. ಹುಡುಗ ಟ್ರಾನ್ಸ್‌ಪೋಸ್ ಬಟನ್ ಒತ್ತಿದ, ಸ್ವರ ಇಳಿಯಿತು. ನಮಗೆ ಪೇಟಿಯಲ್ಲಿ ಷಡ್ಜ ಒಂದು ಮನೆ ಸರಿದರೆ ಬೆರಳಿನ ದಾರಿಯೇ ಬದಲಾಗುತ್ತಿತ್ತು, ವರ್ಷಗಟ್ಟಲೆ ಸಾಧಕ ಬೇಕಾಗುತ್ತಿತ್ತು. ಆ ಬಟನ್ ಬಂದದ್ದು ಒಳ್ಳೆಯದೇ ಆಯಿತು. ಆದರೆ ಕೊನೆಯ ಸಾಲಿನಲ್ಲಿ ಅಕ್ಕ ಆಲಾಪ ಎತ್ತಿ, ನಡುವೆ ಉಸಿರಿಗೆ ನಿಂತಳು. ಹಾಡು ಮುಗಿಯಿತೆಂದುಕೊಂಡ ಹುಡುಗ ಮುಂದಿನ ದೃಶ್ಯದ ಮ್ಯೂಸಿಕ್ ಶುರು ಮಾಡಿಬಿಟ್ಟ. ಆಕೆಯ ಬಾಯಿ ತೆರೆದೇ ಇತ್ತು, ಉಳಿದರ್ಧ ಆಲಾಪ ಒಳಗೇ ಹೋಯಿತು. ಜನ ಚಪ್ಪಾಳೆ ಹೊಡೆದರು. ನನ್ನ ಎದೆ ಧಸಕ್ಕೆಂದಿತು.

ನಾನು ಕಂಪನಿ ಸೇರಿದಾಗ ಕಾಲ್ಪೇಟಿ ಇತ್ತು. ತಿದಿ ಕಾಲಿನಲ್ಲಿ ಒತ್ತುವುದರಿಂದ ಎರಡೂ ಕೈ ಖಾಲಿ. ಆ ವಯಸ್ಸಿನಲ್ಲಿ ಖಾಲಿ ಕೈ ಸುಮ್ಮನಿರುತ್ತದೆಯೇ? ನಟ ಎಲ್ಲಿ ನಿಂತರೂ ಅಲ್ಲೊಂದು ತಾನ್ ಎಸೆಯುತ್ತಿದ್ದೆ, ಶಿಳ್ಳೆ ಬೀಳುತ್ತಿದ್ದವು. ಆಮೇಲೆ ಬೆಳಗಾವಿಯಲ್ಲಿ ಪಂಡಿತ ರಾಮಭಾವು ಬಿಜಾಪುರೆಯವರ ಪೇಟಿಯ ಸಾಥ್ ಕೇಳಿದೆ. 1917ರಲ್ಲಿ ಕಾಗವಾಡದಲ್ಲಿ ಹುಟ್ಟಿದ ಅವರು ಮಲ್ಲಿಕಾರ್ಜುನ ಮನ್ಸೂರರಂಥ ಗಾಯಕರ ಪಕ್ಕ ಕೂತು ನುಡಿಸಿದವರು. ಪೇಟಿಯ ಸ್ವರಗಳು ಗೂಟ ಹೊಡೆದಂತೆ ನಿಂತಿರುತ್ತವೆ. ಸ್ವರದಿಂದ ಸ್ವರಕ್ಕೆ ಜಾರುವ ಗಂಟಲಿನ ಮೀಂಡ್ ಅದರಲ್ಲಿ ಬಾರದು. ಮುಖ್ಯವಾಗಿ ಇಂಥ ಕೊರತೆಗಳಿಗಾಗಿಯೇ ಆಕಾಶವಾಣಿ 1940ರಿಂದ 1971ರವರೆಗೆ ಪೇಟಿಯನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಪೇಟಿಗೆ ಬಾರದ್ದನ್ನು ಗಂಟಲಿಗೇ ಬಿಟ್ಟುಕೊಟ್ಟು, ಅದರ ಬೆನ್ನಿಗೆ ನಿಲ್ಲಬೇಕೆಂಬುದು ಆಗಿನಿಂದ ನನ್ನ ತಲೆಯಲ್ಲಿ ಕೂತಿತು. ಕೈಗೆ ಅದು ಇಳಿಯಲು ಅರ್ಧ ಆಯುಷ್ಯ ಹಿಡಿಯಿತು.

ಅಕ್ಕನ ಬಲಭುಜ ಸೆರಗಿನಡಿ ತುಸು ಮೇಲೇರಿದರೆ ಇನ್ನೂ ಹಾಡುವುದಿದೆ ಎಂದರ್ಥ. ಭುಜ ಇಳಿದು ಗದ್ದ ಎತ್ತಿದಳೆಂದರೆ ಮಾತಿಗೆ ಬಂದಳು. ರಂಗದ ಮುಂದೆ ಕೆಳಗೆ ಕೂತು ಆ ಭುಜ ನೋಡುತ್ತಲೇ ನಾನು ನುಡಿಸಿದೆ. ಇದನ್ನು ಆಕೆ ಹೇಳಿಕೊಟ್ಟವಳಲ್ಲ, ನಾನೂ ಕೇಳಿದವನಲ್ಲ. ಉಸಿರು ಕೇಳು ಎಂದು ನನಗೆ ಒಂದು ದಿನವೂ ಅನ್ನಲಿಲ್ಲವಲ್ಲ, ಅದೆಷ್ಟು ದೊಡ್ಡ ಶಾಭಾಸಗಿರಿ ಎಂಬುದು ಮೊನ್ನೆ ಆ ಹುಡುಗನಿಗೆ ಹೇಳಿದಾಗ ಹೊಳೆಯಿತು. ಕಣ್ಣು ತುಂಬಿ ಬಂತು.

ಹುಡುಗ ಒಳ್ಳೆಯವನು. ಸಿಟ್ಟು ಮಾಡಿಕೊಳ್ಳಲಿಲ್ಲ, ನನ್ನ ಹತ್ತಿರ ಬಂದು ಕೇಳಿದ: "ಮಾಸ್ತರ್ರ, ಇಷ್ಟು ಗದ್ದಲದಾಗ ಉಸುರು ಹ್ಯಾಂಗ ಕೇಳೂದ್ರಿ?"

"ಕಣ್ಣಿಲೆ ಕೇಳಬೇಕೋ. ಅಕ್ಕನ ಭುಜ ನೋಡು."

"ನನಗ ಅಕ್ಕನ ಬೆನ್ನೂ ಕಾಣೂದಿಲ್ರಿ."

ಹೋಗಿ ನೋಡಿದರೆ ನಿಜ. ಅವನನ್ನು ಸೈಡ್ ವಿಂಗಿನಲ್ಲಿ, ಸ್ಪೀಕರ್ ಡಬ್ಬಿಯ ಹಿಂದೆ ಕೂಡಿಸಿದ್ದಾರೆ. ಎದುರಿಗೆ ಕರಿ ಬಟ್ಟೆ ಬಿಟ್ಟರೆ ಏನೂ ಇಲ್ಲ. ಬರೇ ಹೆಡ್‌ಫೋನ್ ನಂಬಿ ಒಂದು ನಾಟಕ ನುಡಿಸುವ ಆ ಹುಡುಗನ ತಾಳ್ಮೆಗೆ ನಾನು ಕೈಮುಗಿದೆ. ವಾದ್ಯದವರನ್ನು ರಂಗದ ಎದುರಿನಿಂದ ಎಬ್ಬಿಸಿದವರ ಬಗ್ಗೆ ಮಾತ್ರ ನನಗೆ ನಿಜವಾಗಿ ಬೇಸರವಿದೆ. ಮಾಲೀಕರು ಕೆಟ್ಟವರಲ್ಲ, ಹೊತ್ತಿಗೆ ಸರಿಯಾಗಿ ಪಗಾರ ಕೊಡುತ್ತಾರೆ. ಆದರೆ ಹಾಡಿಗೂ ಕಣ್ಣು ಬೇಕೆಂಬುದು ಅವರಿಗೆ ಹೊಳೆಯುವುದಿಲ್ಲ.

ಹುಡುಗನನ್ನು ಮುಂದೆ ಕೂಡಿಸಿರಿ ಎಂದು ಕೇಳಿದೆ. ಮೊದಲ ಸಾಲಿನ ಎರಡು ಕುರ್ಚಿ ಹೋಗ್ತಾವ್ರಿ, ಅಂದರು. ಆ ಎರಡು ಟಿಕೀಟಿನ ರೊಕ್ಕ ನಾನು ಕೊಡ್ತೀನಿ ಅಂದಿದ್ದೇನೆ. ತೇರು ಮುಗಿದರೂ ಕಂಪನಿ ಇನ್ನೂ ಕೆಲವು ದಿನ ಅಲ್ಲೇ ಇರುತ್ತದೆ. ನಾಳೆ ಮತ್ತೆ ಹೋಗಿ ಕೇಳುತ್ತೇನೆ.