ಹಳೇ ಚಾಂಪಿಯನ್‌ಗಳು ಇವತ್ತಿನ ದೈತ್ಯರ ಎದುರು ನಿಲ್ಲುತ್ತಿದ್ದರಾ?

ನಾನು ಬಾಕ್ಸಿಂಗ್ ನೋಡುವವನು ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಇದು. ಟೈಸನ್ ಫ್ಯೂರಿ 6 ಅಡಿ 9 ಇಂಚು. ಡಿಯಾಂಟೆ ವೈಲ್ಡರ್ 6 ಅಡಿ 7. ಆಂಥನಿ ಜೋಶುವಾ 6 ಅಡಿ 6. ಇವರ ಎದುರು 5 ಅಡಿ 10 ಇಂಚಿನ, 84 ಕಿಲೋ ಆಸುಪಾಸಿನ ರಾಕಿ ಮಾರ್ಸಿಯಾನೋನನ್ನು ನಿಲ್ಲಿಸಿದರೆ ಏನಾಗುತ್ತೆ? ಜೋ ಲೂಯಿಸ್‌ನನ್ನು? ಮೊಹಮ್ಮದ್ ಅಲಿಯನ್ನು? "ಒಂದೇ ಏಟಿಗೆ ಉದುರಿಹೋಗ್ತಿದ್ರು, ಅಲ್ವಾ?" ಅಂತ ಉತ್ತರವನ್ನೂ ಅವರೇ ಹೇಳಿಬಿಡ್ತಾರೆ.

ಇಲ್ಲ, ಅಷ್ಟು ಸುಲಭ ಅಲ್ಲ. ಮೈಗಾತ್ರ ಖಂಡಿತ ಲೆಕ್ಕಕ್ಕೆ ಬರುತ್ತೆ. ಆದರೆ ಒಂದು ಮಟ್ಟದವರೆಗೆ ಜಾಸ್ತಿ, ಅದು ದಾಟಿದ ಮೇಲೆ ಕಡಿಮೆ. ನನ್ನ ಪ್ರಕಾರ ಆ ಮಟ್ಟ 6 ಅಡಿ 2 ಅಥವಾ 3 ಇಂಚು, 95ರಿಂದ 100 ಕಿಲೋ. ಅಷ್ಟಿದ್ದವನಿಗೆ ಯಾವ ಕಾಲದಲ್ಲೂ, ಯಾರ ಎದುರೂ ಗೆಲ್ಲುವ ದಾರಿ ಇದೆ.

ಬೇರೆ ಎಲ್ಲ ತೂಕದ ವಿಭಾಗಗಳಲ್ಲಿ ಮೇಲಿನ ಮಿತಿ ಇರುತ್ತೆ. ಹೆವಿವೇಟ್‌ಗೆ ಮಾತ್ರ ಇಲ್ಲ. ಈಗ 200 ಪೌಂಡ್, ಅಂದರೆ ಸುಮಾರು 91 ಕಿಲೋ ದಾಟಿದವರೆಲ್ಲ ಹೆವಿವೇಟ್. ಆದರೆ 1980ರ ಆಸುಪಾಸಿನಲ್ಲಿ ಅದರ ಕೆಳಗಿನ ಕ್ರೂಸರ್‌ವೇಟ್ ವಿಭಾಗ ಶುರುವಾಗುವವರೆಗೆ 175 ಪೌಂಡ್ ದಾಟಿದರೆ ಸಾಕಿತ್ತು. ಅದು 80 ಕಿಲೋಗೂ ಸ್ವಲ್ಪ ಕಡಿಮೆಯೇ. ಹಾಗಾಗಿ ಹಳೇ ಹೆವಿವೇಟ್ ಪಟ್ಟಿಯಲ್ಲಿ ಇವತ್ತಾಗಿದ್ದರೆ ಆ ವಿಭಾಗಕ್ಕೇ ಬರದ ಎಷ್ಟೋ ಜನ ಸಿಗುತ್ತಾರೆ. ಅವರನ್ನು ಫ್ಯೂರಿ ಪಕ್ಕ ನಿಲ್ಲಿಸಿ ನಗುವುದು ನ್ಯಾಯ ಅಲ್ಲ.

ದೈತ್ಯರು ಆಗಲೂ ಇದ್ದರು. 1919ರ ಜುಲೈ 4ರಂದು ಅಮೆರಿಕದ ಟೊಲಿಡೋದಲ್ಲಿ ಜೆಸ್ ವಿಲ್ಲರ್ಡ್ ತನ್ನ ಪಟ್ಟ ಉಳಿಸಿಕೊಳ್ಳಲು ರಿಂಗಿಗೆ ಇಳಿದ. 6 ಅಡಿ 6 ಇಂಚಿಗೂ ಜಾಸ್ತಿ ಎತ್ತರ, 111 ಕಿಲೋ. ಎದುರಿಗಿದ್ದ ಜ್ಯಾಕ್ ಡೆಂಪ್ಸಿ 85 ಕಿಲೋ. ಮೊದಲ ರೌಂಡಲ್ಲೇ ವಿಲ್ಲರ್ಡ್ ಏಳು ಸಲ ನೆಲ ಕಚ್ಚಿದ. ನಾಲ್ಕನೇ ರೌಂಡಿಗೆ ಸ್ಟೂಲಿನಿಂದ ಏಳಲೇ ಇಲ್ಲ. 1935ರಲ್ಲಿ ಜೋ ಲೂಯಿಸ್ ತನಗಿಂತ ಸುಮಾರು 30 ಕಿಲೋ ಭಾರದ ಪ್ರಿಮೋ ಕಾರ್ನೆರಾನನ್ನು ಆರನೇ ರೌಂಡಲ್ಲಿ ಮುಗಿಸಿದ.

ಇದನ್ನು ಹಿಡಿದುಕೊಂಡು "ನೋಡಿ, ಗಾತ್ರ ಏನೂ ಅಲ್ಲ" ಅನ್ನುವವರೂ ಇದ್ದಾರೆ. ಅದನ್ನೂ ನಾನು ಒಪ್ಪಲ್ಲ. ಡೆಂಪ್ಸಿ ಎದುರು ಬಂದಾಗ ವಿಲ್ಲರ್ಡ್‌ಗೆ 37 ವಯಸ್ಸು. 1915ರಲ್ಲಿ ಚಾಂಪಿಯನ್ ಆದವನು ಅಲ್ಲಿಯವರೆಗೆ ಪಟ್ಟಕ್ಕಾಗಿ ಆಡಿದ್ದು ಒಂದೇ ಸಲ. ಜೊತೆಗೆ ಬಿದ್ದವನ ಪಕ್ಕದಲ್ಲೇ ನಿಂತು, ಅವನು ಎದ್ದ ತಕ್ಷಣ ಹೊಡೆಯಲು ಆ ಕಾಲದಲ್ಲಿ ಅವಕಾಶ ಇತ್ತು. ಕಾರ್ನೆರಾಗೆ ಮೈ ಇತ್ತು, ವಿದ್ಯೆ ಸಾಲದು. ಆಗಿನ ಕಾಲದ ದೊಡ್ಡ ಆಳುಗಳು ಬರೀ ದೊಡ್ಡ ಆಳುಗಳು.

ಅದು ಬದಲಾಗಿದ್ದು ಆಮೇಲೆ. 1984ರ ಒಲಿಂಪಿಕ್ಸ್‌ನಿಂದ 91 ಕಿಲೋ ಮೀರಿದವರಿಗೆ ಸೂಪರ್ ಹೆವಿವೇಟ್ ಅಂತ ಬೇರೆ ವಿಭಾಗ ಬಂತು. ಎತ್ತರದ ಹುಡುಗರು ಚಿಕ್ಕ ವಯಸ್ಸಿನಿಂದಲೇ ತಮ್ಮಂಥವರ ಜೊತೆ ಆಡುತ್ತಾ ಬೆಳೆದರು. 1988ರಲ್ಲಿ ಅಲ್ಲಿ ಚಿನ್ನ ಗೆದ್ದವನು ಲೆನಾಕ್ಸ್ ಲೂಯಿಸ್. 1996ರಲ್ಲಿ ವ್ಲಾದಿಮಿರ್ ಕ್ಲಿಟ್ಶ್ಕೊ. 2012ರಲ್ಲಿ ಜೋಶುವಾ. ಮೂವರೂ ಮುಂದೆ ವಿಶ್ವ ಚಾಂಪಿಯನ್ ಆದರು. ಇವರು ಜ್ಯಾಬ್ (ಮುಂದಿನ ಕೈಯಿಂದ ಕೊಡುವ ನೇರ ಏಟು) ಹೇಗೆ ಬಿಡಬೇಕು, ಕಾಲು ಎಲ್ಲಿಡಬೇಕು, ಯಾವಾಗ ಹಿಂದೆ ಸರಿಯಬೇಕು ಅಂತ ಕಲಿತು ಬಂದವರು.

ಇನ್ನೊಂದು ಬದಲಾವಣೆ ಬಗ್ಗೆ ಯಾರೂ ಮಾತಾಡಲ್ಲ. 80ರ ದಶಕದಲ್ಲಿ ಪಟ್ಟದ ಹಣಾಹಣಿ 15 ರೌಂಡಿನಿಂದ 12ಕ್ಕೆ ಇಳಿಯಿತು. ಭಾರದ ಮೈ ಹೊತ್ತವನಿಗೆ ಆ ಕೊನೆಯ ಮೂರು ರೌಂಡೇ ನರಕ. ಅದು ಹೋಯಿತು. 1952ರಲ್ಲಿ ಮಾರ್ಸಿಯಾನೋ ಜರ್ಸಿ ಜೋ ವಾಲ್ಕಾಟ್‌ನಿಂದ ಪಟ್ಟ ಕಿತ್ತುಕೊಂಡಿದ್ದು 13ನೇ ರೌಂಡಲ್ಲಿ, ಅಂಕಗಳಲ್ಲಿ ಹಿಂದೆ ಬಿದ್ದಿದ್ದಾಗ. ಇವತ್ತಿನ ನಿಯಮ ಇದ್ದಿದ್ದರೆ ಅವನು ಅವತ್ತು ಸೋಲುತ್ತಿದ್ದ. 1941ರಲ್ಲಿ 80 ಕಿಲೋ ಕೂಡ ಇಲ್ಲದ ಬಿಲ್ಲಿ ಕಾನ್ ಇದೇ ಥರ 12 ರೌಂಡ್ ಮುಗಿದಾಗ ಜೋ ಲೂಯಿಸ್‌ಗಿಂತ ಮುಂದಿದ್ದ. 13ರಲ್ಲಿ ನಾಕೌಟ್ ಆದ.

ಹಾಗಾದರೆ ಗಾತ್ರ ನಿಜವಾಗಿ ಕೆಲಸ ಮಾಡೋದು ಎಲ್ಲಿ? ಎಲ್ಲರೂ ಏಟಿನಲ್ಲಿ ಅಂದುಕೊಳ್ಳುತ್ತಾರೆ. ನನಗೆ ಕಾಣೋದು ಅಪ್ಪುಗೆಯಲ್ಲಿ, ಅಂದರೆ ಕ್ಲಿಂಚ್‌ನಲ್ಲಿ. 2013ರ ಅಕ್ಟೋಬರ್‌ನಲ್ಲಿ ಮಾಸ್ಕೋದಲ್ಲಿ ನಡೆದ ವ್ಲಾದಿಮಿರ್ ಕ್ಲಿಟ್ಶ್ಕೊ ಮತ್ತು ಅಲೆಕ್ಸಾಂಡರ್ ಪೊವೆಟ್ಕಿನ್ ಪಂದ್ಯ ನೋಡಿ. ಪೊವೆಟ್ಕಿನ್ ಸುಮ್ನೆ ಬಂದವನಲ್ಲ, 2004ರ ಒಲಿಂಪಿಕ್ ಚಿನ್ನದವನು, 6 ಅಡಿ 2 ಇಂಚು. ಜ್ಯಾಬ್ ತಪ್ಪಿಸಿ, ತಲೆ ತಗ್ಗಿಸಿ ಒಳಗೆ ನುಗ್ಗುತ್ತಾನೆ. ನುಗ್ಗಿದ ಕ್ಷಣವೇ ಕ್ಲಿಟ್ಶ್ಕೊ ಅವನ ಕತ್ತಿನ ಮೇಲೆ ಕೈ ಹಾಕಿ, ಎದೆ ಒತ್ತಿ, ಮೈಭಾರ ಪೂರ್ತಿ ಅವನ ಬೆನ್ನಿನ ಮೇಲೆ ಬಿಡುತ್ತಾನೆ. ರೆಫರಿ ಬಿಡಿಸುತ್ತಾರೆ. ಮತ್ತೆ ದೂರದಿಂದ ಶುರು. ಮತ್ತೆ ಜ್ಯಾಬ್, ಮತ್ತೆ ಅಪ್ಪುಗೆ. ಏಳನೇ ರೌಂಡಿನ ಹೊತ್ತಿಗೆ ಪೊವೆಟ್ಕಿನ್ ಕಾಲಲ್ಲಿ ಜೀವ ಇರಲಿಲ್ಲ. ಒಟ್ಟು ನಾಲ್ಕು ಸಲ ಬಿದ್ದ. ರೆಫರಿ ಕ್ಲಿಟ್ಶ್ಕೊಗೆ ಒಂದು ಅಂಕ ಕಡಿತ ಮಾಡಿದ್ದು 11ನೇ ರೌಂಡಲ್ಲಿ, ಆಗ ಎಲ್ಲ ಮುಗಿದಿತ್ತು. ನೋಡಲು ಅದೊಂದು ಕೆಟ್ಟ ಪಂದ್ಯ. ಆದರೆ ಗಾತ್ರದ ಬಗ್ಗೆ ಇಷ್ಟು ಕಲಿಸುವ ಪಂದ್ಯ ಇನ್ನೊಂದಿಲ್ಲ. ಮೂಟೆ ಹೊತ್ತುಕೊಂಡು ಓಡಿದಷ್ಟೇ ಸುಸ್ತು ಅದು, ಅದೂ ಏಟು ತಿನ್ನುತ್ತಾ.

ಏಟಿನ ವಿಷಯ ಬೇರೆ. ಮೈ ಬೆಳೆದಷ್ಟು ದವಡೆಯ ತಾಳಿಕೆ ಬೆಳೆಯಲ್ಲ. ತಲೆಯನ್ನು ಗಕ್ಕನೆ ತಿರುಗಿಸುವಷ್ಟು ವೇಗ ಏಟಿನಲ್ಲಿದ್ದರೆ ಆಯಿತು, 120 ಕಿಲೋ ಆಳೂ ಬೀಳುತ್ತಾನೆ. ಆ ಏಟು ಕೊಡಲು 90 ಕಿಲೋ ಸಾಕು.

ತೂಕಕ್ಕಿಂತ ಮೈಕಟ್ಟು ನೋಡಬೇಕು ಅನ್ನೋದಕ್ಕೆ 1973ರ ಜನವರಿಯಲ್ಲಿ ಕಿಂಗ್‌ಸ್ಟನ್‌ನಲ್ಲಿ ನಡೆದ ಜಾರ್ಜ್ ಫೋರ್‌ಮನ್ ಮತ್ತು ಜೋ ಫ್ರೇಜಿಯರ್ ಪಂದ್ಯ ಸಾಕು. ತಕ್ಕಡಿಯಲ್ಲಿ ಇಬ್ಬರಿಗೂ ಒಂದೆರಡು ಕಿಲೋ ವ್ಯತ್ಯಾಸ ಅಷ್ಟೇ. ಆದರೆ ಫೋರ್‌ಮನ್ ಮೂರ್ನಾಲ್ಕು ಇಂಚು ಎತ್ತರ, ಕೈ ಉದ್ದ. ಫ್ರೇಜಿಯರ್ ತಗ್ಗಿ ಬಗ್ಗಿ ಒಳಗೆ ಬಂದಾಗಲೆಲ್ಲ ಎರಡೂ ಕೈಯಿಂದ ತಳ್ಳಿ, ತನಗೆ ಬೇಕಾದ ದೂರದಲ್ಲಿ ನಿಲ್ಲಿಸಿ, ಕೆಳಗಿನಿಂದ ಅಪರ್‌ಕಟ್ ಎತ್ತಿದ. ಎರಡು ರೌಂಡಲ್ಲಿ ಆರು ಸಲ ಬೀಳಿಸಿದ.

ಇನ್ನು ಒಲೆಕ್ಸಾಂಡರ್ ಉಸಿಕ್. 2012ರಲ್ಲಿ ಜೋಶುವಾ ಸೂಪರ್ ಹೆವಿವೇಟ್ ಚಿನ್ನ ಗೆದ್ದ ಅದೇ ಲಂಡನ್ ಒಲಿಂಪಿಕ್ಸ್‌ನಲ್ಲಿ ಉಸಿಕ್ ಅದರ ಕೆಳಗಿನ ವಿಭಾಗದಲ್ಲಿ ಚಿನ್ನ ಗೆದ್ದಿದ್ದ. ಆಮೇಲೆ ಕ್ರೂಸರ್‌ವೇಟ್‌ನಲ್ಲಿ ಎಲ್ಲ ಬೆಲ್ಟ್, ಅಂದರೆ ಪಟ್ಟಗಳನ್ನು ಗೆದ್ದು ಮೇಲೆ ಬಂದ. 6 ಅಡಿ 3 ಇಂಚು, ರೀಚ್ (ಎರಡೂ ಕೈ ಚಾಚಿದಾಗಿನ ಅಳತೆ) 78 ಇಂಚು. ಅಲಿಯ ಅಳತೆಯೂ ಇದೇ! 1974ರಲ್ಲಿ ಫೋರ್‌ಮನ್‌ನನ್ನು ಸೋಲಿಸಿದಾಗ ಅಲಿ 98 ಕಿಲೋ. 2024ರ ಮೇನಲ್ಲಿ ರಿಯಾದ್‌ನಲ್ಲಿ ಫ್ಯೂರಿಯನ್ನು ಸೋಲಿಸಿದಾಗ ಉಸಿಕ್ 101. ಫ್ಯೂರಿ 119. ಅಲಿ ಇವತ್ತಿನವರ ಎದುರು ನಿಲ್ಲುತ್ತಿದ್ದನಾ ಅಂತ ಕೇಳುವವರಿಗೆ ನಾನು ಮೊದಲು ತೋರಿಸುವುದು ಈ ಅಂಕಿಗಳನ್ನೇ.

ಆ ಪಂದ್ಯದ ನಡುವಿನ ರೌಂಡುಗಳಲ್ಲಿ ಫ್ಯೂರಿ ಹೊಟ್ಟೆಗೆ ಕೊಟ್ಟ ಅಪರ್‌ಕಟ್‌ಗಳಿಗೆ ಉಸಿಕ್ ಕುಗ್ಗಿದ್ದ. ಆದರೂ ಕಾಲು ನಿಲ್ಲಿಸಲಿಲ್ಲ. ಎಡಗೈ ಆಟಗಾರ ಅವನು, ಮುಂದಿನ ಕಾಲನ್ನು ಫ್ಯೂರಿಯ ಪಾದದ ಹೊರಗೆ ಇಡುತ್ತಲೇ ಹೋದ. ಫ್ಯೂರಿ ಅಪ್ಪಿಕೊಳ್ಳಲು ಕೈ ಚಾಚಿದಾಗ ಅವನು ಪಕ್ಕಕ್ಕೆ ಜಾರಿರುತ್ತಿದ್ದ. ಒಂಬತ್ತನೇ ರೌಂಡಲ್ಲಿ ಎಡಗೈ ಏಟು ಸರಿಯಾಗಿ ಕೂತಿತು. ಫ್ಯೂರಿ ಒಂದು ಹಗ್ಗದಿಂದ ಇನ್ನೊಂದು ಹಗ್ಗಕ್ಕೆ ತೂರಾಡಿದ. ಹಗ್ಗ ಇಲ್ಲದಿದ್ದರೆ ಬೀಳುತ್ತಿದ್ದ ಅಂತ ರೆಫರಿ ಎಣಿಕೆ ಶುರುಮಾಡಿದರು. ಆ ಎಣಿಕೆಯಿಂದ ಸಿಕ್ಕ ಅಂಕವೇ ಪಂದ್ಯ ಕೊಡಿಸಿತು. ಡಿಸೆಂಬರ್‌ನ ಮರುಪಂದ್ಯಕ್ಕೆ ಫ್ಯೂರಿ 127 ಕಿಲೋ ಆಗಿ ಬಂದ. ಈ ಸಲ ಮೂವರು ತೀರ್ಪುಗಾರರೂ 116-112 ಅಂತ ಉಸಿಕ್‌ಗೇ ಕೊಟ್ಟರು. ಎಂಟು ಕಿಲೋ ಜಾಸ್ತಿ ತಂದು ಇನ್ನೂ ಸ್ಪಷ್ಟವಾಗಿ ಸೋತ.

ಹಾಗಾಗಿ ಹೆಸರು ಹಿಡಿದು ಕೇಳಿದರೆ ನನ್ನ ಉತ್ತರ ಇದು. ಮಾರ್ಸಿಯಾನೋ ಇವತ್ತು ಕ್ರೂಸರ್‌ವೇಟ್. ಅಲ್ಲಿ ಅವನು ಚಾಂಪಿಯನ್ ಆಗಬಲ್ಲ, ಫ್ಯೂರಿ ಎದುರು ಇಳಿಸಬಾರದು. ಡೆಂಪ್ಸಿಯೂ ಅಷ್ಟೇ. ಜೋ ಲೂಯಿಸ್ ಗಡಿಯಲ್ಲಿದ್ದಾನೆ. ಆದರೆ ಅಷ್ಟು ಚಿಕ್ಕ ದೂರದಲ್ಲಿ ಅಷ್ಟು ನೇರವಾಗಿ ಹೊಡೆಯುವವನನ್ನು ನಾನು ಯಾರ ಎದುರೂ ತಳ್ಳಿಹಾಕಲ್ಲ. ಸೋನಿ ಲಿಸ್ಟನ್ ಎತ್ತರ 6 ಅಡಿ 1 ಆದರೂ ರೀಚ್ 84 ಇಂಚು, ಅವನು ನಿಲ್ಲುತ್ತಾನೆ. ಅಲಿ, ಲ್ಯಾರಿ ಹೋಮ್ಸ್, ಫೋರ್‌ಮನ್ ಮೂವರೂ ಇವತ್ತೂ ಬೆಲ್ಟ್ ಗೆಲ್ಲುತ್ತಾರೆ.

ಕೊನೆಗೆ ಎಲ್ಲರೂ ಕೇಳೋದು ಮೈಕ್ ಟೈಸನ್ ಬಗ್ಗೆ. 5 ಅಡಿ 10, ರೀಚ್ 71 ಇಂಚು, ತೂಕ ಮಾತ್ರ 100 ಕಿಲೋ. ಫ್ಯೂರಿ ಎದುರು ಮೊದಲ ನಾಲ್ಕು ರೌಂಡ್ ಅವನದೇ. ಅಷ್ಟರೊಳಗೆ ಫ್ಯೂರಿ ನಾಕೌಟ್ ಆಗೋ ಸಾಧ್ಯತೆ ಚೆನ್ನಾಗಿಯೇ ಇದೆ. ಆಗದಿದ್ದರೆ ಫ್ಯೂರಿ ಅವನ ಕತ್ತಿನ ಮೇಲೆ ಒರಗಲು ಶುರುಮಾಡುತ್ತಾನೆ, ಎಂಟನೇ ರೌಂಡ್ ದಾಟಿದರೆ ಟೈಸನ್ ಗೆಲ್ಲಲ್ಲ. 1990ರಲ್ಲಿ ಟೋಕಿಯೋದಲ್ಲಿ ಬಸ್ಟರ್ ಡಗ್ಲಸ್ 83 ಇಂಚಿನ ರೀಚ್‌ನಿಂದ ಜ್ಯಾಬ್ ಬಿಡುತ್ತಾ, ಹತ್ತಿರ ಬಂದಾಗ ಹಿಡಿಯುತ್ತಾ ಟೈಸನ್‌ನನ್ನು ಸೋಲಿಸಿದ್ದೂ ಹೀಗೇ. ಡಗ್ಲಸ್ ಫ್ಯೂರಿಗಿಂತ ಐದು ಇಂಚು ಗಿಡ್ಡ.