ಕಡ್ಡಿ ಚಕ್ರದ ‘ಟಕ್’

ಇಂಗ್ಲೆಂಡಿನ ಕೊವೆಂಟ್ರಿಯ ನಮ್ಮ ಮನೆ ಮುಂದಿರುವ 1965ರ ಎಂಜಿಬಿ ಕಾರು ಎರಡು ತಿಂಗಳಿಂದ ಸದ್ದು ಮಾಡುತ್ತಿತ್ತು. ಕ್ಲಚ್ ಬಿಟ್ಟ ಕೂಡಲೇ ಹಿಂದಿನಿಂದ ‘ಟಕ್’. ರಿವರ್ಸ್ ಹಾಕಿದರೆ ಇನ್ನೊಂದು ‘ಟಕ್’. ಗ್ಯಾರೇಜಿನವರು ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳ ನಡುವಿನ ಗೇರುಪೆಟ್ಟಿಗೆ) ಹೋಗಿದೆ ಅಂದರು. ಖರ್ಚು ಕೇಳಿ, ಬೇಡಪ್ಪ ಅಂತ ಕಾರು ವಾಪಸ್ ತಂದೆ.

ಶನಿವಾರ ಹಿಂದಿನ ಚಕ್ರಗಳನ್ನು ನಾನೇ ಬಿಚ್ಚಲು ಕೂತೆ. ಸೈಕಲ್ಲಿನ ಹಾಗೆ ಕಡ್ಡಿಗಳಿರುವ ಈ ಚಕ್ರಗಳಿಗೆ ನಡುವೆ ಎರಡು ಕಿವಿಯ ಒಂದೇ ದೊಡ್ಡ ನಟ್, ಅದನ್ನು ತಾಮ್ರದ ಸುತ್ತಿಗೆಯಿಂದ ಹೊಡೆದು ತಿರುಗಿಸಬೇಕು, ಕಬ್ಬಿಣದ ಸುತ್ತಿಗೆ ತಗೊಂಡರೆ ಕ್ರೋಮ್ ಕಥೆ ಮುಗಿಯಿತು. ಎಡಗಡೆಯದು ಸಲೀಸಾಗಿ ಬಂತು. ಅದೇ ಜೋರಿನಲ್ಲಿ ಬಲಗಡೆ ಹೋಗಿ ಹತ್ತು ಏಟು ಹಾಕಿದ ಮೇಲೆ ಗೊತ್ತಾಯಿತು, ಅಲ್ಲಿ ಥ್ರೆಡ್ ಉಲ್ಟಾ, ನಾನು ಇನ್ನೂ ಬಿಗಿ ಮಾಡುತ್ತಿದ್ದೇನೆ! ಕಿವಿಯ ಮೇಲೇ ಬಾಣ ಹಾಕಿ ‘ಅನ್‌ಡೂ’ ಅಂತ ಬರೆದಿದೆ. ನೋಡಬೇಕಿತ್ತು ಅಲ್ವಾ.

ಚಕ್ರ ಎಳೆದರೆ, ಅದು ಕೂರುವ ಹಬ್ಬಿನ (ಅಚ್ಚಿನ ತುದಿಯ ಗುಂಬದ) ಹಲ್ಲುಗಳ ಸಂದಿಯಲ್ಲೆಲ್ಲ ಕೆಮ್ಮಣ್ಣಿನಂಥ ಪುಡಿ. ಗ್ರೀಸಿನ ಸುಳಿವೇ ಇಲ್ಲ. ಇಂಜಿನ್ನಿನ ಎಳೆತವೆಲ್ಲ ಚಕ್ರಕ್ಕೆ ಹೋಗುವುದು ಈ ಹಲ್ಲುಗಳಿಂದಲೇ; ಒಣಗಿ ಉಜ್ಜಿಕೊಂಡರೆ ಸಡಿಲವಾಗುತ್ತವೆ, ಆಮೇಲೆ ‘ಟಕ್’. ತುದಿ ಗರಗಸದ ಹಾಗೆ ಚೂಪಾಗಿದ್ದರೆ ಹಬ್ಬು, ಚಕ್ರ ಎರಡನ್ನೂ ಬದಲಿಸಬೇಕು. ನನ್ನ ಅದೃಷ್ಟ, ಇನ್ನೂ ಚಪ್ಪಟೆಯಾಗೇ ಇದ್ದವು. ಸೀಮೆಎಣ್ಣೆಯಲ್ಲಿ ಹಳೇ ಹಲ್ಲುಜ್ಜುವ ಬ್ರಷ್ ಅದ್ದಿ ತಿಕ್ಕಿದೆ, ಒರೆಸಿದೆ, ಗ್ರೀಸ್ ಸವರಿದೆ.

ಆಮೇಲೆ ಕಡ್ಡಿಗಳು. ಒಂದು ಚಕ್ರಕ್ಕೆ 60. ಅರಸೀಕೆರೆಯಲ್ಲಿ ಸೈಕಲ್ ಬೆಂಡ್ ತೆಗೆಯುತ್ತಿದ್ದ ಮಾಮ ಕಡ್ಡಿಗಳನ್ನು ಬೆರಳಲ್ಲಿ ಮೀಟಿ ನೋಡುತ್ತಿದ್ದರು. ನಾನು ಸ್ಕ್ರೂಡ್ರೈವರ್ ಹಿಡಿಯಲ್ಲಿ ತಟ್ಟುತ್ತಾ ಹೋದೆ. ಟಿಂಗ್, ಟಿಂಗ್, ಟಿಂಗ್, ದಬ್. ಮೂರು ಕಡೆ ಆ ‘ದಬ್’ ಬಂತು, ಅಂದರೆ ಕಡ್ಡಿ ಸಡಿಲ. ಅದರಲ್ಲಿ ಎರಡು ಕಡ್ಡಿಗಳು ಕಾಲು ಸುತ್ತು ತಿರುವಿದ್ದಕ್ಕೇ ಸರಿಹೋದವು. ಮೂರನೆಯದು ತುಕ್ಕು ಹಿಡಿದು ಅಲ್ಲಾಡಲಿಲ್ಲ. ಜಾಸ್ತಿ ತಿರುವಿದರೆ ಕಡ್ಡಿಯ ತುದಿ ಒಳಗಿನ ಟ್ಯೂಬಿಗೆ ಚುಚ್ಚುತ್ತದೆ, ಅದಕ್ಕೇ ಸುಮ್ನೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ ಬಿಟ್ಟೆ. ಚಕ್ರ ಕಟ್ಟುವವರು ನೋಡಲಿ.

ಹೆಂಡತಿಯನ್ನು ಬ್ರೇಕ್ ಒತ್ತಲು ಕೂರಿಸಿ, ಚಕ್ರ ಎತ್ತಿದ್ದಾಗಲೇ ನಟ್ ಬಿಗಿ ಮಾಡಿದೆ. “ಅಕ್ಕಪಕ್ಕದವರು ಏನಂದುಕೊಂಡಾರು, ಮೆಲ್ಲಗೆ ಹೊಡೀರಿ” ಅಂದಳು. ಮೆಲ್ಲಗೆ ಹೊಡೆಯುವ ಕೆಲಸವಾ ಇದು!

ಹತ್ತಿರದ ಕೆನಿಲ್‌ವರ್ತ್‌ಗೆ ಹೋಗಿ ಬಂದೆವು. ‘ಟಕ್’ ಇಲ್ಲ. ಮನೆಗೆ ಬಂದ ಮೇಲೆ ನಟ್‌ಗಳಿಗೆ ಮತ್ತೆ ಎರಡೆರಡು ಏಟು ಕೊಟ್ಟೆ. ಈ ಸಲ ಬಾಣ ನೋಡಿಕೊಂಡು.