ಮೀಟರ್ ಇಟ್ಟು ನೋಡಿದ್ಯಾ ಮಾರಾಯ?

ನಾಲ್ಕು ದಿನದಿಂದ ಈ ಮಾತು ಕಿವಿ ಬಿಟ್ಟು ಹೋಗ್ತಿಲ್ಲ.

ತೋಟದ ಕೆಳಗಿನ ಗೇಟಿನ ಹಿಂಜು ತುಕ್ಕು ತಿಂದು ಕೈಗೇ ಬಂದಿತ್ತು. ಅಲ್ಲಿಗೆ ಕರೆಂಟ್ ಇಲ್ಲ. ಹಾಗಾಗಿ ಎರಡು ಮಳೆಗಾಲದಿಂದ ಕೊಟ್ಟಿಗೆಯಲ್ಲಿ ಮಲಗಿದ್ದ ಅಪ್ಪನ ಕಾಲದ ಡೀಸೆಲ್ ವೆಲ್ಡಿಂಗ್ ಮೆಷಿನ್ ಹೊರಗೆ ಎಳೆದೆವು. ಎಂಜಿನ್ ಏನೋ ಎರಡನೇ ಹ್ಯಾಂಡಲ್‌ಗೇ ಗುಡುಗಿತು. ರಾಡ್ ಮುಟ್ಟಿಸಿದರೆ ಮಾತ್ರ ಒಂದು ಕಿಡಿ ಇಲ್ಲ.

ಪೇಟೆಯ ವೈಂಡಿಂಗ್ ಅಂಗಡಿ ಹುಡುಗ ಫೋನಲ್ಲೇ ತೀರ್ಪು ಕೊಟ್ಟ, ಒಳಗೆ ತಿರುಗುವ ತಂತಿ ಸುತ್ತಿದ ಭಾಗ, ಆರ್ಮೇಚರ್ ಹೋಗಿದೆ, ಹೊಸ ತಂತಿ ಸುತ್ತಿಸಿ ರೀವೈಂಡಿಂಗ್ ಮಾಡಿಸಿ ಅಂತ. ಭಾವ ಇನ್ನೂ ಮುಂದೆ ಹೋಗಿ, ಗುಜರಿಗೆ ಹಾಕಿ ಕರೆಂಟಲ್ಲಿ ಓಡುವ ಇನ್ವರ್ಟರ್ ವೆಲ್ಡಿಂಗ್ ಮೆಷಿನ್ ತಗೊಳ್ಳಿ ಅಂದರು. ಕರೆಂಟೇ ಇಲ್ಲದ ಕಡೆ! ನಮ್ಮ ಭಾವನಿಗೆ ಯಾರ ಮನೆಯದ್ದು ಏನು ಹಾಳಾದರೂ ಖುಷಿ, ಹೊಸದು ಹೇಳಬಹುದಲ್ಲ.

ಕೊನೆಗೆ ಭದ್ರಾವತಿ ಕಾರ್ಖಾನೆಯಲ್ಲಿ ದುಡಿದು ಊರಿಗೆ ಬಂದು ಕೂತಿರುವ ಅಜ್ಜರನ್ನು ಕರೆತಂದೆ. ಅವರು ಮೆಷಿನ್ ಕಡೆ ನೋಡಲೇ ಇಲ್ಲ, ನನ್ನ ಮುಖ ನೋಡಿದರು. "ಮೀಟರ್ ಇಟ್ಟು ನೋಡಿದ್ಯಾ ಮಾರಾಯ?"

ನೋಡಿರಲಿಲ್ಲ. ವೋಲ್ಟ್ ನೋಡುವ ಮೀಟರ್ ಬೈಕಿನ ಬಾಕ್ಸಲ್ಲೇ ಇತ್ತು.

ಖಾಲಿ ಓಡುವಾಗ 60ರಿಂದ 80 ವೋಲ್ಟ್ ತೋರಿಸಬೇಕಾದ ಕಡೆ ಸೊನ್ನೆ. ಎಂಜಿನ್ ನಿಲ್ಲಿಸಿ ಮುಚ್ಚಳ ಬಿಚ್ಚಿದರೆ ಕರೆಂಟ್ ಹೊರಗೆ ತರುವ ಒಂದು ಕಾರ್ಬನ್ ಬ್ರಷ್ ಹೋಲ್ಡರಿನಲ್ಲೇ ಸಿಕ್ಕಿಕೊಂಡಿದೆ, ಅದು ಒತ್ತಿಕೊಂಡಿರಬೇಕಾದ ತಾಮ್ರದ ಪಟ್ಟಿಗಳ ಉರುಳೆ, ಕಮ್ಯುಟೇಟರ್, ಕಾವಲಿ ತಳದ ಹಾಗೆ ಕಪ್ಪಾಗಿದೆ. ನಾನು ಎಮರಿ ಪೇಪರ್ ತಂದೆ, ಬೈಸಿಕೊಂಡೆ. ಅದರ ಪುಡಿ ತಾಮ್ರದ ಸಂದಿಗೆ ಕೂತರೆ ಶಾರ್ಟ್ ಆಗ್ತದಂತೆ. ಮರ ಉಜ್ಜುವ ಸ್ಯಾಂಡ್ ಪೇಪರ್ ಬೇಕು, ಅದೂ ನಯದ್ದು.

ಉಜ್ಜಿ ಮತ್ತೆ ಓಡಿಸಿದರೂ ಮುಳ್ಳು ಏಳಲಿಲ್ಲ. ಅಜ್ಜರಿಗೆ ಅದೇ ಬೇಕಿತ್ತು ಅನಿಸುತ್ತೆ. ಆರ್ಮೇಚರಿನ ಸುತ್ತ ಕದಲದೆ ಕೂತಿರುವ ತಂತಿ ಸುರುಳಿ, ಫೀಲ್ಡ್ ಕಾಯಿಲ್, ಅದರ ಕಬ್ಬಿಣದಲ್ಲಿ ಹಿಂದಿನ ಸಲದ ಒಂದಿಷ್ಟು ಅಯಸ್ಕಾಂತ ಉಳಿದಿರಬೇಕು. ಅದನ್ನೇ ಹೆಪ್ಪು ಮಾಡಿಕೊಂಡು ಈ ಮೆಷಿನ್ ವೋಲ್ಟೇಜ್ ಏರಿಸೋದು. ಸುಮ್ನೆ ಬಿದ್ದೂ ಬಿದ್ದೂ ಆ ಹೆಪ್ಪೇ ಹೋಗಿತ್ತು. ಎಂಜಿನ್ ನಿಲ್ಲಿಸಿ, ಬ್ರಷ್ ಎತ್ತಿ, 12 ವೋಲ್ಟ್ ಬ್ಯಾಟರಿಯನ್ನು ಪ್ಲಸ್‌ಗೆ ಪ್ಲಸ್ ನೋಡಿಕೊಂಡು ಫೀಲ್ಡ್ ವೈರಿಗೆ ಕೆಲವೇ ಸೆಕೆಂಡ್ ತಾಗಿಸಿದರು. ತೆಗೆಯುವಾಗ ಚಟ್ ಅಂತ ನೀಲಿ ಕಿಡಿ. ಮತ್ತೆ ಹ್ಯಾಂಡಲ್ ಹೊಡೆದೆ. ಮುಳ್ಳು ನಿಧಾನಕ್ಕೆ ಎದ್ದು 70ರ ಹತ್ತಿರ ನಿಂತಿತು.

ಅಂಗಡಿ ಹುಡುಗನ ಮೇಲೆ ಸಿಟ್ಟಿಲ್ಲ. ಅವನೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ, ಆದರೂ ಇಬ್ಬರೂ ಸೇರಿ ಆರ್ಮೇಚರ್ ಸುಟ್ಟುಬಿಟ್ಟಿದ್ದೆವು. ಪಕ್ಕದ ತೋಟದವರು ಎಲೆಚುಕ್ಕಿ ಅಂದಿದ್ದಕ್ಕೇ ಔಷಧಿ ಹೊಡೆಸಿದವನು ನಾನು. ಹೋದ ತಿಂಗಳು ಅಮ್ಮ ಮಂಡಿ ನೋವು ಅಂದಾಗ "ವಯಸ್ಸಾಯ್ತಲ್ಲ" ಅಂದು ಎದ್ದು ಹೋದೆ. ಮಂಡಿ ಊದಿದೆಯಾ ಅಂತ ಬಗ್ಗಿ ನೋಡಿದ್ನಾ? ನಿನ್ನೆ ನೋಡಿದೆ. ಊದಿತ್ತು.

ಅವತ್ತು ಗೇಟಿಗೆ ರಾಡ್ ಹಿಡಿದೆ. ಚಟಪಟ ಸಿಡಿದು ಅಂಟಿಕೊಂಡಿತು. ಅಜ್ಜರು ರಾಡಿನ ಪೊಟ್ಟಣದೊಳಗೆ ಕೈ ಹಾಕಿದರು. ರಾಡಿನ ಮೇಲಿನ ಲೇಪ ಥಂಡಿ ಹಿಡಿದು ಮೆತ್ತಗಾಗಿತ್ತು.

"ಇದನ್ನಾದ್ರೂ ಮುಟ್ಟಿ ನೋಡಿದ್ಯಾ?"

ರಾಡೆಲ್ಲ ಈಗ ಬಚ್ಚಲ ಒಲೆ ಕಟ್ಟೆ ಮೇಲಿವೆ. ಗೇಟಿಗೆ ಸದ್ಯಕ್ಕೆ ಹಗ್ಗ ಕಟ್ಟಿದ್ದೇನೆ.